ಬಾತ್‌ರೂಮ್ ಸೋರಿಕೆಗೆ ಯಾವ ಡಬ್ಬ? ವಾಟರ್‌ಪ್ರೂಫಿಂಗ್ ಸಾಮಗ್ರಿಗಳ ವಿಮರ್ಶೆ

ಕೆಳಗಿನ ಮನೆಯ ಸೀಲಿಂಗಿನಲ್ಲಿ ತೇವದ ಕಲೆ ಕಂಡ ಕೂಡಲೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಸೋರೋದಕ್ಕೆ ಯಾವುದಾದ್ರೂ ಒಳ್ಳೇದು ಕೊಡಿ" ಎಂದು ಕೇಳುವುದು ರೂಢಿ. ಅಂಗಡಿಯಲ್ಲಿ 'ವಾಟರ್‌ಪ್ರೂಫಿಂಗ್' ಎಂಬ ಒಂದೇ ಹೆಸರಿನಡಿ ಕನಿಷ್ಠ ಆರು ಬಗೆಯ ವಸ್ತುಗಳಿರುತ್ತವೆ. ಗಾರೆಗೆ ಬೆರೆಸುವ ದ್ರಾವಣ, ಸಿಮೆಂಟಿನ ಜೊತೆ ಕಲಸಿ ಬಳಿಯುವ ಲೇಟೆಕ್ಸ್, ದ್ರಾವಣ ಮತ್ತು ಪುಡಿ ಎರಡೂ ಇರುವ ಕೋಟಿಂಗ್, ರಬ್ಬರಿನಂತೆ ಬಾಗುವ ಪಿಯು (ಪಾಲಿಯುರಿಥೇನ್), ಟೈಲ್ ಮೇಲೆ ಬಳಿಯುವ ಪಾರದರ್ಶಕ ಸೀಲರ್, ಬೇಸ್‌ಮೆಂಟ್ ಗೋಡೆಗೆ ಬಳಸುವ ಕ್ರಿಸ್ಟಲಿನ್ ಪುಡಿ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಈ ಬರಹ ಒಂದೊಂದನ್ನೂ ಅದರ ಕೆಲಸದ ಜಾಗದಲ್ಲಿಟ್ಟು ನೋಡುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆರ್‌ಸಿಸಿ ಸ್ಲ್ಯಾಬಿನ ಮೇಲಿರುವ ಸಾಮಾನ್ಯ ಬಾತ್‌ರೂಮಿಗೆ ದ್ರಾವಣ-ಪುಡಿ ಎರಡು ಭಾಗದ ಅಕ್ರಿಲಿಕ್ ಸಿಮೆಂಟ್ ಕೋಟಿಂಗನ್ನೇ ಕೊಳ್ಳಿ. ಆದರೆ ಪೈಪ್ ಸುತ್ತ, ಮೂಲೆಯಲ್ಲಿ, ಬಾಗಿಲ ಹೊಸ್ತಿಲಲ್ಲಿ ಕೆಲಸ ಕೆಟ್ಟರೆ ಅತಿ ದುಬಾರಿ ಕೋಟಿಂಗ್ ಕೂಡ ಸೋರುತ್ತದೆ. ನೆಲದ ನಡುವೆ ಸೋರುವ ಬಾತ್‌ರೂಮು ಅಪರೂಪ. ಸೋರಿಕೆ ಶುರುವಾಗುವುದು ಈ ಮೂರು ಜಾಗಗಳಲ್ಲೇ.

ಕೊಳ್ಳುವ ಮೊದಲು ಸೋರುತ್ತಿರುವುದು ಏನು ಎಂದು ಗೊತ್ತಿರಬೇಕು. ನೀರು ಬರುವ ಲೈನ್ ಸೋರುತ್ತಿದ್ದರೆ ಕೋಟಿಂಗ್ ಯಾವ ಪ್ರಯೋಜನಕ್ಕೂ ಬಾರದು. ಆ ಬಾತ್‌ರೂಮಿಗೆ ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ, ಬಕೆಟ್ಟಿನಲ್ಲಿ ನೀರು ತಂದು ಎಂದಿನಂತೆ ಸ್ನಾನ ಮಾಡಿ. ಕೆಲವು ದಿನಗಳಲ್ಲಿ ಕೆಳಗಿನ ಕಲೆ ಒಣಗತೊಡಗಿದರೆ ದೋಷ ಗೋಡೆಯೊಳಗಿನ ಸಿಪಿವಿಸಿ ಲೈನಿನದು. ಅದರಲ್ಲೂ ಪ್ಲಾಸ್ಟಿಕ್ ಪೈಪಿಗೆ ಹಿತ್ತಾಳೆಯ ಮರೆ (ತಿರುಪಿನ ಸುತ್ತಿರುವ ಭಾಗ) ಸೇರುವ ಜಾಗ, ಅಂದರೆ ವಾಲ್ ಮಿಕ್ಸರ್ ಮತ್ತು ಗೀಸರ್ ಪಾಯಿಂಟಿನ ಹಿಂದೆ ಮೊದಲು ನೋಡಿ. ಪ್ಲಂಬರ್ ಹತ್ತಿರ ಕೈಪಂಪಿನ ಪ್ರೆಶರ್ ಟೆಸ್ಟರ್ ಇರುತ್ತದೆ. ಲೈನಿಗೆ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಕೆಲವು ಗಂಟೆ ಬಿಟ್ಟಾಗ ಮುಳ್ಳು ಇಳಿಯಬಾರದು. ಲೈನ್ ಸರಿಯಿದ್ದರೆ ಮುಂದಿನದು ಡ್ರೈನ್. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಬಾಯಿಗೆ ಬಟ್ಟೆ ಅಥವಾ ರಬ್ಬರ್ ಪ್ಲಗ್ ಬಿಗಿದು ನೆಲದಲ್ಲಿ ಒಂದು ಇಂಚು ಬಣ್ಣದ ನೀರು ನಿಲ್ಲಿಸಿ. ಕೆಳಗೆ ಬಣ್ಣ ಕಂಡರೆ ನೆಲವೇ ಸೋರುತ್ತಿದೆ. ಕಾಣದೆ, ಪ್ಲಗ್ ತೆಗೆದು ನೀರು ಬಿಟ್ಟಾಗ ಮಾತ್ರ ಕಂಡರೆ ಟ್ರ್ಯಾಪ್ ಅಥವಾ ಅದರ ಕೆಳಗಿನ ಜಾಯಿಂಟ್ ಹೋಗಿದೆ. ಈ ಪರೀಕ್ಷೆ ಮಾಡದೆ ಟೈಲ್ ಒಡೆಯಲು ಬರುವ ಕಂಟ್ರಾಕ್ಟರನ್ನು ಒಪ್ಪಬೇಡಿ.

ಈಗ ಡಬ್ಬಗಳ ವಿಷಯ. ಅತಿ ಹೆಚ್ಚು ಮಾರಾಟವಾಗುವುದು ಗಾರೆಗೆ ಬೆರೆಸುವ ದ್ರಾವಣ. ಪಿಡಿಲೈಟ್ ಕಂಪನಿಯ ಡಾ. ಫಿಕ್ಸಿಟ್ ಎಲ್‌ಡಬ್ಲ್ಯು ಪ್ಲಸ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ 200 ಮಿಲಿ ಇದರ ಅಳತೆ. ಈ ಬಗೆಯ ವಸ್ತುಗಳಿಗೆ ಐಎಸ್ 2645 ಎಂಬ ಭಾರತೀಯ ಮಾನಕವಿದೆ, ಡಬ್ಬದ ಮೇಲೆ ಆ ಸಂಖ್ಯೆ ಇದೆಯೇ ನೋಡಿ. ಇದು ಗಾರೆಯನ್ನು ಹದವಾಗಿಸುತ್ತದೆ, ಕಡಿಮೆ ನೀರಿನಲ್ಲಿ ಕಲಸಲು ಬಿಡುತ್ತದೆ, ಒಣಗಿದ ಗಾರೆ ನೀರು ಹೀರುವುದನ್ನು ತಗ್ಗಿಸುತ್ತದೆ. ಅಷ್ಟಕ್ಕೆ ಇದು ಒಳ್ಳೆಯ ವಸ್ತು, ಬೆಲೆಯೂ ಕಡಿಮೆ. ಆದರೆ ಗಾರೆ ಬಿರುಕು ಬಿಟ್ಟರೆ ಆ ಬಿರುಕಿನಲ್ಲಿ ನೀರು ಹೋಗುವುದನ್ನು ಇದು ತಡೆಯಲಾರದು. "ಎಲ್‌ಡಬ್ಲ್ಯು ಹಾಕಿದ್ದೀವಿ ಸಾರ್, ವಾಟರ್‌ಪ್ರೂಫಿಂಗ್ ಆಯ್ತು" ಎನ್ನುವ ಮೇಸ್ತ್ರಿಯ ಮಾತನ್ನು ಒಪ್ಪಲಾಗದು. ಅದು ವಾಟರ್‌ಪ್ರೂಫಿಂಗಿಗೆ ಮುಂಚಿನ ಗಾರೆಯಷ್ಟೇ. ಇನ್ನೊಂದು ತೊಂದರೆ ಅಳತೆಯದು. ಕಲಸುವ ಜಾಗದಲ್ಲಿ ಮುಚ್ಚಳ ತೆಗೆದು ಅಂದಾಜಿಗೆ ಸುರಿಯುವುದೇ ಹೆಚ್ಚು. ಜಾಸ್ತಿ ಬಿದ್ದರೆ ಗಾರೆ ತಡವಾಗಿ ಗಟ್ಟಿಯಾಗುತ್ತದೆ, ಬಲವೂ ಕುಗ್ಗುತ್ತದೆ. ದ್ರಾವಣವನ್ನು ಅಳೆದು, ಕಲಸುವ ನೀರಿಗೆ ಹಾಕಿ, ಆ ನೀರಿನಿಂದ ಗಾರೆ ಕಲಸಬೇಕು.

ಎರಡನೆಯದು ಲೇಟೆಕ್ಸ್. ಡಾ. ಫಿಕ್ಸಿಟ್ ಯುಆರ್‌ಪಿ, ಸಿಕಾ ಲೇಟೆಕ್ಸ್, ಫಾಸ್ರಾಕ್‌ನ ನೈಟೊಬಾಂಡ್ ಎಸ್‌ಬಿಆರ್ ಈ ಗುಂಪಿನವು. ಸಿಮೆಂಟಿನ ಜೊತೆ ಬ್ರಷ್‌ನಲ್ಲಿ ಬಳಿಯುವ ಹದಕ್ಕೆ ಕಲಸುತ್ತಾರೆ. ಹಳೆ ಕಾಂಕ್ರೀಟಿಗೆ ಹೊಸ ಗಾರೆ ಹಿಡಿಯಬೇಕಾದಲ್ಲಿ, ಒಡೆದ ಮೂಲೆ ತಿದ್ದುವಲ್ಲಿ, ಕಾಂಕ್ರೀಟಿನ ತೂತು ತುಂಬುವಲ್ಲಿ ಇದಕ್ಕೆ ಸಮನಾದದ್ದಿಲ್ಲ. ಪ್ರತಿ ಬಾತ್‌ರೂಮ್ ಕೆಲಸಕ್ಕೂ ಇದರ ಒಂದು ಲೀಟರ್ ಡಬ್ಬ ಬೇಕೇ ಬೇಕು. ಒಂದು ಎಚ್ಚರಿಕೆ: ಅಂಟಿಗಾಗಿ ಬಳಿದ ಲೇಟೆಕ್ಸ್ ಸಿಮೆಂಟ್ ಹಾಲು ಕೈಗೆ ಅಂಟುವ ಹದದಲ್ಲಿದ್ದಾಗಲೇ ಮೇಲೆ ಗಾರೆ ಬೀಳಬೇಕು. ಬಳಿದು ಊಟಕ್ಕೆ ಹೋಗಿ ಬಂದರೆ ಅದು ಒಣಗಿ ಜಾರುವ ಪದರವಾಗುತ್ತದೆ, ಅಂಟುವ ಬದಲು ಬಿಡಿಸುವ ಕೆಲಸ ಮಾಡುತ್ತದೆ. ಹಾಗೆ ಒಣಗಿದರೆ ತಂತಿ ಬ್ರಷ್‌ನಲ್ಲಿ ಕೆರೆದು ಮತ್ತೆ ಬಳಿಯಬೇಕು. ಪೂರ್ತಿ ನೆಲಕ್ಕೆ ಇದನ್ನೇ ಎರಡು ಕೋಟ್ ಬಳಿದು ವಾಟರ್‌ಪ್ರೂಫಿಂಗ್ ಎನ್ನುವುದೂ ಸಾಮಾನ್ಯ. ಒಣಗಿದ ಮೇಲೆ ಈ ಪದರ ಗಡುಸು. ಸ್ಲ್ಯಾಬ್ ಬಿಸಿಲಿಗೆ, ಭಾರಕ್ಕೆ ಸ್ವಲ್ಪ ಅಲುಗಿದರೂ ಕೂದಲೆಳೆಯ ಬಿರುಕು ಬರುತ್ತದೆ. ನೆಲಮಹಡಿಯ ಬಾತ್‌ರೂಮಿಗೆ ಸಾಕಾದೀತು. ಮಹಡಿ ಮೇಲೆ ಬೇಡ.

ಇನ್ನು ಮುಖ್ಯ ವಸ್ತು: ಎರಡು ಭಾಗದ ಕೋಟಿಂಗ್. ಡಾ. ಫಿಕ್ಸಿಟ್ ಪಿಡಿಫಿನ್ 2ಕೆ, ಸಿಕಾಟಾಪ್ ಸೀಲ್ 107, ಫಾಸ್ರಾಕ್ ಬ್ರಷ್‌ಬಾಂಡ್ ಇವು ಕರ್ನಾಟಕದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಹೆಸರುಗಳು. ಒಂದು ಭಾಗ ಪಾಲಿಮರ್ ದ್ರಾವಣ, ಇನ್ನೊಂದು ಸಿಮೆಂಟ್ ಮತ್ತು ನುಣುಪು ಮರಳಿನ ಪುಡಿ. ಇದೇ ಗುಂಪಿನಲ್ಲಿ ಗಡುಸಾದವೂ ಇವೆ, ಬಾಗುವವೂ ಇವೆ, ಒಂದೇ ಕಂಪನಿ ಎರಡನ್ನೂ ಮಾರುತ್ತದೆ. ಅದಕ್ಕೇ ಬ್ರ್ಯಾಂಡ್ ಹೆಸರಿಗಿಂತ ಕಂಪನಿಯ ಟೆಕ್ನಿಕಲ್ ಡೇಟಾ ಶೀಟ್ ಮುಖ್ಯ. ಅದರಲ್ಲಿ ಎಲಾಂಗೇಶನ್ (ಹರಿಯದೆ ಎಷ್ಟು ಹಿಗ್ಗುತ್ತದೆ), ಕ್ರ್ಯಾಕ್ ಬ್ರಿಡ್ಜಿಂಗ್ (ಎಷ್ಟು ಅಗಲದ ಬಿರುಕನ್ನು ದಾಟಿ ನಿಲ್ಲುತ್ತದೆ) ಎಂಬ ಎರಡು ಸಾಲು ಹುಡುಕಿ. ಆ ಅಂಕಿಗಳೇ ಇಲ್ಲದಿದ್ದರೆ ಅದು ಗಡುಸು ಜಾತಿಯದು ಎಂದು ತಿಳಿದು ನೀರಿನ ತೊಟ್ಟಿಗೆ ಬಳಸಿ. ಬಾತ್‌ರೂಮಿಗೆ ಬಾಗುವಂಥದ್ದು ಬೇಕು. ಯೂರೋಪಿನ ಇಎನ್ 14891 ಮಾನಕದ ಹೆಸರಿದ್ದರೆ ಇನ್ನೂ ಒಳ್ಳೆಯದು, ಅದು ಟೈಲ್ ಕೆಳಗೆ ಬಳಿಯುವ ಕೋಟಿಂಗಿಗೆಂದೇ ಇರುವ ಮಾನಕ.

ಎಷ್ಟು ಬೇಕು? ಎರಡು ಕೋಟ್ ಬಳಿಯಲು ಒಂದು ಚದರ ಮೀಟರಿಗೆ ಸುಮಾರು 1.5ರಿಂದ 2 ಕೆಜಿ ಹಿಡಿಯುತ್ತದೆ. 5 ಅಡಿ ಅಗಲ 8 ಅಡಿ ಉದ್ದದ ಬಾತ್‌ರೂಮ್ ತೆಗೆದುಕೊಳ್ಳಿ. ನೆಲ 40 ಚದರಡಿ. ಬಾಗಿಲು ಬಿಟ್ಟು ಸುತ್ತಲ ಗೋಡೆಗೆ ಒಂದಡಿ ಎತ್ತರ, 24 ಚದರಡಿ. ಶವರ್ ಇರುವ ಮೂಲೆಯ ಎರಡು ಗೋಡೆ ಸೇರಿ 8 ಅಡಿ ಎಂದರೆ, ಅಲ್ಲಿ ಆರಡಿಯವರೆಗೆ ಏರಿಸಲು ಇನ್ನೂ 40. ಒಟ್ಟು 104 ಚದರಡಿ, ಹತ್ತಿರ ಹತ್ತಿರ 10 ಚದರ ಮೀಟರ್. ಅಂದರೆ 15ರಿಂದ 20 ಕೆಜಿ. 15 ಕೆಜಿಯ ಒಂದೇ ಸೆಟ್ ತಂದರೆ ಎರಡನೇ ಕೋಟಿನ ಕೊನೆಗೆ ಕಡಿಮೆ ಬೀಳುತ್ತದೆ. ಆಗಲೇ ಕೆಲಸದವರು ನೀರು ಬೆರೆಸಿ ತೆಳು ಮಾಡುವುದು. ಚಿಕ್ಕ ಪ್ಯಾಕ್ ಒಂದೆರಡು ಜಾಸ್ತಿ ತಂದಿಡಿ. ಡಬ್ಬದ ಮೇಲೆ ತಯಾರಿಸಿದ ತಿಂಗಳು ನೋಡಿ, ಪುಡಿಯ ಚೀಲ ಹಿಸುಕಿ ನೋಡಿ. ಗಂಟು ಸಿಕ್ಕರೆ ತೇವ ಹೊಕ್ಕಿದೆ, ಬೇರೆ ಕೇಳಿ. ಮಳೆಗಾಲದಲ್ಲಿ ಅಂಗಡಿಯ ಗೋಡೌನಿನಿಂದ ಬರುವ ಚೀಲಗಳಲ್ಲಿ ಇದು ಹೆಚ್ಚು.

ಬಳಿಯುವ ಮೊದಲಿನ ಕೆಲಸಕ್ಕೇ ಹೆಚ್ಚು ಹೊತ್ತು ಹೋಗಬೇಕು. ಹಳೆ ಟೈಲ್, ಅದರ ಕೆಳಗಿನ ಗಾರೆ ಎಲ್ಲ ಕಿತ್ತು ಕಾಂಕ್ರೀಟ್ ಕಾಣುವಂತೆ ಮಾಡಿ. ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತ ಹೋಗಿ ಟೊಳ್ಳು ಸದ್ದು ಬಂದಲ್ಲೆಲ್ಲ ಒಡೆದು ಲೇಟೆಕ್ಸ್ ಗಾರೆ ತುಂಬಿ. ಗೋಡೆ ಮತ್ತು ನೆಲ ಸೇರುವ ಮೂಲೆ ಲಂಬಕೋನವಾಗಿ ಇರಬಾರದು. ಅಲ್ಲಿ ಕೋಟಿಂಗ್ ತೆಳುವಾಗಿ ನಿಲ್ಲುತ್ತದೆ, ಗೋಡೆ ನೆಲ ಬೇರೆ ಬೇರೆ ಅಲುಗಿದಾಗ ಮೊದಲು ಹರಿಯುವುದೂ ಅಲ್ಲೇ. ಸುತ್ತಲೂ ಒಂದರಿಂದ ಎರಡು ಇಂಚಿನ ಗುಂಡಗಿನ ಗಾರೆ ಎಳೆದು, ಅದು ಗಟ್ಟಿಯಾದ ಮೇಲೆ ಮೊದಲ ಕೋಟಿನ ಹಸಿಯಲ್ಲೇ ಫೈಬರ್ ಗ್ಲಾಸ್ ಮೆಶ್ ಪಟ್ಟಿ ಒತ್ತಿ ಕೂರಿಸಬೇಕು. ಪಟ್ಟಿ ಗೋಡೆಯ ಮೇಲೆ ನಾಲ್ಕು ಇಂಚು, ನೆಲದ ಮೇಲೆ ನಾಲ್ಕು ಇಂಚು. ಅಲ್ಕಲಿ ತಡೆಯುವ ಮೆಶ್ ಎಂದೇ ಕೇಳಿ, ಇಲ್ಲದಿದ್ದರೆ ಸಿಮೆಂಟ್ ಅದನ್ನು ನಿಧಾನವಾಗಿ ತಿನ್ನುತ್ತದೆ.

ಕಲಸುವಾಗ ದ್ರಾವಣ ಮೊದಲು ಬಕೆಟ್ಟಿಗೆ, ಪುಡಿ ಆಮೇಲೆ ಸ್ವಲ್ಪ ಸ್ವಲ್ಪವಾಗಿ. ಡ್ರಿಲ್ ಮಷೀನಿಗೆ ಪ್ಯಾಡಲ್ ಹಾಕಿ ನಿಧಾನ ವೇಗದಲ್ಲಿ ಗಂಟಿಲ್ಲದಂತೆ ತಿರುಗಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ತಿರುಗಿಸಿ. ಕಡ್ಡಿಯಿಂದ ಕಲಸಿದರೆ ತಳದಲ್ಲಿ ಒಣ ಪುಡಿ ಉಳಿಯುತ್ತದೆ. ಅರ್ಧ ಸೆಟ್ ಮಾತ್ರ ಕಲಸಬೇಕಾದರೆ ಎರಡನ್ನೂ ತಕ್ಕಡಿಯಲ್ಲಿ ತೂಗಿ, ಕಣ್ಣಳತೆ ಬೇಡ. ಕಲಸಿದ್ದನ್ನು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸಬೇಕು, ಏಪ್ರಿಲ್ ಬಿಸಿಲಿಗೆ ಕಲಬುರಗಿ, ರಾಯಚೂರಿನ ಕಡೆ ಅದಕ್ಕಿಂತ ಬೇಗ. ಗಟ್ಟಿಯಾಗುತ್ತಿರುವುದಕ್ಕೆ ನೀರು ಹಾಕಿ ಹದ ಮಾಡಿದರೆ ಆ ಜಾಗ ಒಣಗಿದ ಮೇಲೆ ಪುಡಿಯಾಗುತ್ತದೆ.

ನೆಲ ಒಳಗೆ ತೇವವಿರಬೇಕು, ಮೇಲೆ ನೀರು ನಿಂತಿರಬಾರದು. ಒಣ ಕಾಂಕ್ರೀಟ್ ಕೋಟಿಂಗಿನ ನೀರನ್ನು ಹೀರಿ ಸೂಜಿ ತೂತುಗಳನ್ನು ಮಾಡುತ್ತದೆ. ನಿಂತ ನೀರಿನ ಮೇಲೆ ಬಳಿದರೆ ಅಂಟೇ ಇರುವುದಿಲ್ಲ. ಮೊದಲ ಕೋಟ್ ಉದ್ದಕ್ಕೆ, ನಾಲ್ಕಾರು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಮೊದಲ ಕೋಟಿನ ಬ್ರಷ್ ಗೆರೆಗಳಲ್ಲಿ ಉಳಿದ ಸಂದುಗಳನ್ನು ಎರಡನೆಯದು ಮುಚ್ಚಲಿ ಎಂದೇ ಈ ಅಡ್ಡ ಲೆಕ್ಕ. ಒಂದೇ ದಪ್ಪ ಕೋಟ್ ಹೊಡೆದು ಮುಗಿಸಲು ಬಿಡಬೇಡಿ, ದಪ್ಪ ಪದರ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಮಂಗಳೂರು, ಉಡುಪಿಯ ಜೂನ್ ಜುಲೈನ ಗಾಳಿಯಲ್ಲಿ ಪಾಲಿಮರ್ ಪದರ ಒಣಗಲು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಕಿಟಕಿ ತೆರೆದು ಫ್ಯಾನ್ ಹಚ್ಚಿ, ಬೆರಳಿಗೆ ಅಂಟದಂತಾದ ಮೇಲಷ್ಟೇ ಎರಡನೇ ಕೋಟ್. ಸಾಧ್ಯವಾದರೆ ಆ ಭಾಗದಲ್ಲಿ ಈ ಕೆಲಸವನ್ನು ನವೆಂಬರಿನಿಂದ ಮೇ ಒಳಗೆ ಇಟ್ಟುಕೊಳ್ಳಿ.

ಪೈಪಿನ ಸುತ್ತಲಿನ ಕೆಲಸಕ್ಕೆ ಪ್ರತ್ಯೇಕವಾಗಿ ಒಂದು ದಿನ ಕೊಡುವ ತಂಡವನ್ನು ಹುಡುಕಿ. ಪಿವಿಸಿಗೂ ಸಿಮೆಂಟಿಗೂ ಅಂಟು ಹುಟ್ಟುವುದಿಲ್ಲ. ನಯವಾದ ಪೈಪಿನ ಸುತ್ತ ಗಾರೆ ತುಂಬಿದರೆ ಒಣಗಿದಾಗ ಕೂದಲೆಳೆಯ ಸಂದು ಉಳಿಯುತ್ತದೆ, ಹೆಚ್ಚಿನ ಬಾತ್‌ರೂಮುಗಳು ಸೋರುವುದು ಈ ಸಂದಿನಿಂದ. ಸರಿಯಾದ ಕ್ರಮ ಹೀಗೆ: ಪೈಪಿನ ಹೊರಮೈಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಸಾಲ್ವೆಂಟ್ ಸಿಮೆಂಟ್ ಬಳಿದು ಅದು ಹಸಿಯಿರುವಾಗಲೇ ಒಣ ಮರಳು ಉದುರಿಸಿ. ಗಾರೆಗೆ ಹಿಡಿತ ಸಿಗುತ್ತದೆ. ಸ್ಲ್ಯಾಬ್ ತೂತಿಗೆ ಕೆಳಗಿನಿಂದ ಹಲಗೆ ಕೊಟ್ಟು, ಕುಗ್ಗದ ಗ್ರೌಟ್ (ತೆಳುವಾಗಿ ಸುರಿಯುವ ಸಿಮೆಂಟ್ ಮಿಶ್ರಣ) ಸುರಿಯಿರಿ. ಫಾಸ್ರಾಕ್‌ನ ಕಾನ್‌ಬೆಕ್ಸ್‌ಟ್ರಾ ಜಿಪಿ ಈ ಕೆಲಸಕ್ಕೆ ಹಳಬರು ನಂಬುವ ವಸ್ತು, ಬೇರೆ ಕಂಪನಿಗಳಲ್ಲೂ ಇಂಥದ್ದಿದೆ. ಸಾದಾ ಸಿಮೆಂಟ್ ಮರಳು ಇಲ್ಲಿ ಬೇಡ, ಅದು ಕುಗ್ಗುತ್ತದೆ. ಗ್ರೌಟ್ ಗಟ್ಟಿಯಾದ ಮೇಲೆ ಪೈಪಿನ ಸುತ್ತ ಅರ್ಧ ಇಂಚಿನ ಕಾಲುವೆ ಕೊರೆದು ಪಾಲಿಸಲ್ಫೈಡ್ ಅಥವಾ ಪಿಯು ಸೀಲೆಂಟ್ ತುಂಬಿ, ಅದು ಒಣಗಿದ ಬಳಿಕ ಮೇಲೆ ಮೆಶ್ ಸಹಿತ ಕೋಟಿಂಗನ್ನು ಪೈಪಿನ ಮೇಲೆ ಎರಡು ಇಂಚು ಏರಿಸಿ. ಅಗ್ಗದ ಸಿಲಿಕಾನ್ ಟ್ಯೂಬ್ ಇಲ್ಲಿ ಹಾಕಬೇಡಿ. ಅದರ ಮೇಲೆ ಸಿಮೆಂಟ್ ಕೋಟಿಂಗ್ ನಿಲ್ಲುವುದಿಲ್ಲ.

ಬಾಗಿಲ ಹೊಸ್ತಿಲನ್ನು ಮರೆಯುವವರು ಬಹಳ. ಕೋಟಿಂಗ್ ಬಾಗಿಲವರೆಗೆ ಬಂದು ನಿಂತರೆ ಟೈಲ್ ಕೆಳಗಿನ ನೀರು ಚೌಕಟ್ಟಿನ ಬುಡ ದಾಟಿ ಮಲಗುವ ಕೋಣೆಯ ನೆಲಕ್ಕೆ ಹರಿಯುತ್ತದೆ. ಚೌಕಟ್ಟಿನ ಕಾಲು ಕೊಳೆಯುವುದು, ಕೋಣೆಯ ಸ್ಕರ್ಟಿಂಗ್ ಮೇಲೆ ಬಿಳಿ ಉಪ್ಪು ಮೂಡುವುದು ಇದರ ಗುರುತು. ಹೊಸ್ತಿಲ ಗ್ರಾನೈಟ್ ಪಟ್ಟಿಯನ್ನು ತೆಗೆದು, ಅದರ ಕೆಳಗೆ ಗಾರೆಯ ಒಂದು ಚಿಕ್ಕ ದಿಂಡು ಕಟ್ಟಿ, ಕೋಟಿಂಗನ್ನು ಆ ದಿಂಡಿನ ಮೇಲೆ ಹತ್ತಿಸಿ, ಆಮೇಲೆ ಗ್ರಾನೈಟ್ ಕೂರಿಸಬೇಕು.

ಇವೆಲ್ಲ ಒಣಗಿದ ಮೇಲೆ ನೀರು ನಿಲ್ಲಿಸುವ ಪರೀಕ್ಷೆ. ಕಂಪನಿ ಹೇಳಿದಷ್ಟು ದಿನ ಕೋಟಿಂಗ್ ಗಟ್ಟಿಯಾಗಲು ಬಿಟ್ಟು, ಟ್ರ್ಯಾಪ್ ಮುಚ್ಚಿ ಎರಡು ಇಂಚು ನೀರು ತುಂಬಿ ಕನಿಷ್ಠ 48 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಅದೇ ಕೋಣೆಯಲ್ಲಿ ಒಂದು ಬಕೆಟ್ ನೀರನ್ನೂ ಗೆರೆ ಹಾಕಿ ಇಡಿ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾಗಿ ಹೋದದ್ದು, ನೆಲದ್ದು ಹೆಚ್ಚು ಇಳಿದಿದ್ದರೆ ಸೋರಿಕೆ. ಈ ಪರೀಕ್ಷೆಗೆ ಒಪ್ಪದ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡಬೇಡಿ. ಪರೀಕ್ಷೆ ಮುಗಿದ ದಿನವೇ ಕೋಟಿಂಗ್ ಮೇಲೆ ಮುಕ್ಕಾಲು ಇಂಚಿನ 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಗಾರೆಯ ರಕ್ಷಣೆ ಬೀಳಬೇಕು. ಇಲ್ಲದಿದ್ದರೆ ಪ್ಲಂಬರ್ ಇಟ್ಟ ಉಳಿ, ಜಲ್ಲಿಯ ಮೇಲೆ ತುಳಿದ ಚಪ್ಪಲಿ, ಯಾವುದೋ ಒಂದು ಆ ತೆಳು ಪದರವನ್ನು ಚುಚ್ಚಿಬಿಡುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಂಕನ್ ಸ್ಲ್ಯಾಬ್ ಬಗ್ಗೆ ಬೇರೆಯಾಗಿ ಹೇಳಬೇಕು. ಒಂಬತ್ತು ಇಂಚಿನಿಂದ ಒಂದಡಿ ತಗ್ಗಿಸಿ ಸ್ಲ್ಯಾಬ್ ಹಾಕಿ, ಪೈಪ್ ಮಲಗಿಸಿ, ಮೇಲೆ ಇಟ್ಟಿಗೆ ಚೂರು, ಕಟ್ಟಡದ ಕಸ ತುಂಬುತ್ತಾರೆ. ಟೈಲ್‌ಗಳ ನಡುವಿನ ಗ್ರೌಟ್ ಸಂದಿನಿಂದ ಇಳಿದ ನೀರು ಆ ತುಂಬಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನಂತರ ನೀವು ಬಾತ್‌ರೂಮ್ ಬಳಸದಿದ್ದರೂ ಕೆಳಗೆ ಒಸರುತ್ತಲೇ ಇರುತ್ತದೆ, ಜನ ಗೊಂದಲಕ್ಕೆ ಬೀಳುವುದು ಇದಕ್ಕೇ. ಇಲ್ಲಿ ಕೋಟಿಂಗ್ ಎರಡು ಮಟ್ಟದಲ್ಲಿ ಬೇಕು. ತಗ್ಗಿನ ತಳಕ್ಕೆ ಮತ್ತು ಅದರ ನಾಲ್ಕು ಬದಿಗೆ ಒಂದು, ತುಂಬಿದ ಮೇಲೆ ವಾಟ (ಇಳಿಜಾರು) ಕೊಟ್ಟ ಗಾರೆಗೆ ಇನ್ನೊಂದು. ದುಡ್ಡು ಒಂದಕ್ಕೇ ಇದ್ದರೆ ಮೇಲಿನದ್ದಕ್ಕೆ ಹಾಕಿ, ತುಂಬು ಒದ್ದೆಯಾಗದಂತೆ ಕಾಯುವುದು ಅದೇ. ತಗ್ಗಿನ ಅತಿ ಕೆಳಗಿನ ಮೂಲೆಯಿಂದ ಡಕ್ಟಿಗೆ (ಪೈಪುಗಳು ಇಳಿಯುವ ಕಟ್ಟಡದ ತೆರೆದ ಸಂದಿಗೆ) ಒಂದೂವರೆ ಇಂಚಿನ ಪಿವಿಸಿ ಪೈಪ್ ಬಿಟ್ಟಿರಿ. ಮುಂದೆಂದಾದರೂ ಅದರಲ್ಲಿ ನೀರು ತೊಟ್ಟಿಕ್ಕಿದರೆ ಕೆಳಮನೆಯ ಸೀಲಿಂಗಿಗೆ ಮುಂಚೆ ನಿಮಗೆ ಗೊತ್ತಾಗುತ್ತದೆ. ತುಂಬಲು ಒಡೆದ ಹಳೆ ಟೈಲ್ ಚೂರು ಬಳಸಬೇಡಿ, ಚೂಪು ಅಂಚು ಕೋಟಿಂಗನ್ನು ಸೀಳುತ್ತದೆ. ಹಗುರ ಕಾಂಕ್ರೀಟ್ ಒಳ್ಳೆಯದು. ವಾಟ 80ಕ್ಕೆ 1, ಅಂದರೆ 8 ಅಡಿ ಉದ್ದಕ್ಕೆ ಸುಮಾರು 30 ಮಿಮೀ ಇಳಿಯಬೇಕು. ಈ ವಾಟವನ್ನು ಕೋಟಿಂಗಿನ ಕೆಳಗಿನ ಗಾರೆಯಲ್ಲೇ ಕೊಡಬೇಕು. ಟೈಲ್ ಹಾಕುವಾಗ ಕೊಡುತ್ತೇವೆ ಎಂದರೆ ಟೈಲ್ ಮೇಲಿನ ನೀರು ಹರಿಯುತ್ತದೆ, ಕೆಳಗೆ ಇಳಿದದ್ದು ನಿಲ್ಲುತ್ತದೆ.

ಟೈಲ್ ಅಂಟಿಸಲು ಬರೀ ಸಿಮೆಂಟ್ ಹಾಲಿನ ಕಾಲ ಮುಗಿದಿದೆ. ವಿಟ್ರಿಫೈಡ್ ಟೈಲ್ ನೀರನ್ನೇ ಹೀರುವುದಿಲ್ಲವಾದ್ದರಿಂದ ಸಿಮೆಂಟ್ ಅದರ ಬೆನ್ನಿಗೆ ಹಿಡಿಯುವುದಿಲ್ಲ. ಟೈಲ್‌ಗೆಂದೇ ಮಾಡಿದ ಅಂಟಿನ ಪುಡಿ ಬೇಕು. ಅದರ ಚೀಲದ ಮೇಲೆ ಐಎಸ್ 15477 ನೋಡಿ, ಅದರಲ್ಲಿ ಟೈಪ್ 1ಕ್ಕಿಂತ ಮೇಲಿನದ್ದು ತೆಗೆದುಕೊಳ್ಳಿ, ಇಎನ್ 12004ರ ಲೆಕ್ಕದಲ್ಲಿ ಸಿ2 ಎಂದಿರಬೇಕು. ರಾಫ್, ಎಂವೈಕೆ ಲ್ಯಾಟಿಕ್ರೀಟ್ ಎರಡರಲ್ಲೂ ಈ ದರ್ಜೆಯವು ಸಿಗುತ್ತವೆ, ಇವೆರಡರ ನಡುವೆ ಹತ್ತಿರದ ಅಂಗಡಿಯಲ್ಲಿ ತಾಜಾ ಸ್ಟಾಕ್ ಯಾವುದಿದೆಯೋ ಅದು. 20 ಕೆಜಿ ಚೀಲ 3 ಮಿಮೀ ದಪ್ಪಕ್ಕೆ 50 ಚದರಡಿ ಆಸುಪಾಸು ಬರುತ್ತದೆ, ನೆಲ ಏರುಪೇರಾಗಿ 6 ಮಿಮೀ ಹಿಡಿದರೆ ಅರ್ಧಕ್ಕೆ ಇಳಿಯುತ್ತದೆ. ಹಲ್ಲಿನ ಕರಣೆಯಿಂದ ಪೂರ್ತಿ ಎಳೆದು ಅಂಟಿಸಬೇಕು. ಟೈಲಿನ ಐದು ಕಡೆ ಉಂಡೆಯಿಟ್ಟು ಒತ್ತುವ ಪದ್ಧತಿಯಿಂದ ಉಂಡೆಗಳ ನಡುವೆ ನೀರಿನ ಕೋಣೆಗಳಾಗುತ್ತವೆ.

ಟೈಲ್ ಸಂದು ತುಂಬುವ ಗ್ರೌಟಿನಲ್ಲಿ ಎಪಾಕ್ಸಿಗೆ (ರಾಳದಿಂದ ಮಾಡಿದ್ದಕ್ಕೆ) ಕೊಡುವ ಹೆಚ್ಚಿನ ಬೆಲೆ ಶವರ್ ಭಾಗ ಮತ್ತು ನೆಲದಲ್ಲಿ ಪೂರ್ತಿ ಸಾರ್ಥಕ. ಲ್ಯಾಟಿಕ್ರೀಟ್ ಎಸ್‌ಪಿ-100 ಇದರಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಸಿಮೆಂಟ್ ಗ್ರೌಟ್ ಬೋರ್‌ವೆಲ್ ನೀರಿನ ಗಡಸಿಗೆ, ಆಸಿಡ್ ಹಾಕಿ ತೊಳೆಯುವ ರೂಢಿಗೆ ಬೇಗ ಸವೆಯುತ್ತದೆ. ಎಪಾಕ್ಸಿ ಇವೆರಡನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಕಲಸಿದ ಮೇಲೆ ಸಿಗುವ ಹೊತ್ತು ಕಡಿಮೆ, ಟೈಲ್ ಮೇಲೆ ಉಳಿದ ಮಂಜಿನಂಥ ಪದರವನ್ನು ಅಂದೇ ಸ್ಪಂಜಿನಿಂದ ಒರೆಸದಿದ್ದರೆ ಆಮೇಲೆ ಹೋಗುವುದು ಬಹಳ ಕಷ್ಟ. ಅನುಭವವಿಲ್ಲದವರ ಕೈಗೆ ಮ್ಯಾಟ್ ಟೈಲ್ ಮೇಲೆ ಎಪಾಕ್ಸಿ ಕೊಡಬೇಡಿ. ಗೋಡೆ-ನೆಲದ ಮೂಲೆಯ ಸಂದಿಗೆ ಯಾವ ಗ್ರೌಟೂ ಬೇಡ, ಅಲ್ಲಿ ಶಿಲೀಂಧ್ರ ತಡೆಯುವ ಸ್ಯಾನಿಟರಿ ಸಿಲಿಕಾನ್ ಸರಿ.

ಪಿಯು ಕೋಟಿಂಗ್ ಬಾಗುವುದರಲ್ಲಿ ಎಲ್ಲಕ್ಕಿಂತ ಮುಂದೆ, ತಾರಸಿಗೆ ಚೆನ್ನ. ಬಾತ್‌ರೂಮಿನಲ್ಲಿ ಎರಡು ಅಡಚಣೆ. ಕಾಂಕ್ರೀಟ್ ಪೂರ್ತಿ ಒಣಗಿರಬೇಕು, ತೇವವಿದ್ದರೆ ಗುಳ್ಳೆ ಎದ್ದು ಬಿಡುತ್ತದೆ. ಅದರ ನಯ ಮೈಗೆ ಗಾರೆ, ಟೈಲ್ ಅಂಟು ಹಿಡಿಯುವುದಿಲ್ಲ, ಕೊನೆಯ ಕೋಟ್ ಹಸಿಯಿರುವಾಗ ಒಣ ಮರಳು ಉದುರಿಸಲೇಬೇಕು. ಹಳೆ ಸೋರುವ ಬಾತ್‌ರೂಮಿನ ಸ್ಲ್ಯಾಬ್ ಒಣಗಲು ವಾರಗಳೇ ಬೇಕಾದ್ದರಿಂದ ರಿಪೇರಿಗೆ ಇದು ಸರಿಹೊಂದುವುದಿಲ್ಲ.

ಟೈಲ್ ಒಡೆಯದೆ ಮೇಲಿನಿಂದ ಬಳಿಯುವ ಪಾರದರ್ಶಕ ಸೀಲರ್‌ಗಳಿಗೆ ಈ ವಿಮರ್ಶೆಯಲ್ಲಿ ಅತಿ ಕಡಿಮೆ ಅಂಕ. ಗ್ರೌಟ್ ಸಂದು ಮಾತ್ರ ಕಾರಣವಾಗಿರುವ, ತುಂಬು ಇನ್ನೂ ಒಣಗಿರುವ ಬಾತ್‌ರೂಮಿಗೆ ಸ್ವಲ್ಪ ಕಾಲ ಸಹಾಯ ಮಾಡಬಹುದು. ಅದಕ್ಕೂ ಹಳೆ ಗ್ರೌಟನ್ನು ಕೊರೆದು ತೆಗೆದು ಎಪಾಕ್ಸಿ ತುಂಬುವುದು ಹೆಚ್ಚು ಬಾಳಿಕೆಯ ಕೆಲಸ. ಪೈಪ್ ಸುತ್ತಲಿನ ಸಂದಿಗೆ, ಒಡೆದ ಟ್ರ್ಯಾಪಿಗೆ ಸೀಲರ್ ಏನನ್ನೂ ಮಾಡದು.

ಬೇಸ್‌ಮೆಂಟಿನ ಲೆಕ್ಕವೇ ಬೇರೆ. ಬಾತ್‌ರೂಮಿನಲ್ಲಿ ನೀರು ಕೋಟಿಂಗನ್ನು ಸ್ಲ್ಯಾಬಿನ ಕಡೆಗೆ ಒತ್ತುತ್ತದೆ. ಬೇಸ್‌ಮೆಂಟಿನಲ್ಲಿ ಮಣ್ಣಿನ ನೀರು ಹೊರಗಿನಿಂದ ಒತ್ತಿ, ಒಳಗೆ ಬಳಿದದ್ದನ್ನು ಗೋಡೆಯಿಂದ ಕಿತ್ತು ದೂಡುತ್ತದೆ. ಅದಕ್ಕೇ ಒಳಗೋಡೆಗೆ ಬಳಿದ ಅಕ್ರಿಲಿಕ್, ಪಿಯು, ಪುಟ್ಟಿ ಎಲ್ಲವೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉಬ್ಬಿ ಉದುರುತ್ತವೆ. ಹೊರಗಿನಿಂದ ಅಗೆದು ಬಳಿಯುವುದೇ ಸರಿಯಾದ ದಾರಿ, ಪಕ್ಕದ ಮನೆಯ ಗೋಡೆ ತಾಗಿಕೊಂಡಿರುವ ನಗರದ ಸೈಟುಗಳಲ್ಲಿ ಅದು ಆಗುವುದಿಲ್ಲ. ಆಗ ಉಳಿಯುವುದು ಕ್ರಿಸ್ಟಲಿನ್. ಜೈಪೆಕ್ಸ್, ಪೆನೆಟ್ರಾನ್ ಇದರಲ್ಲಿ ಹೆಸರಾದವು. ಇದು ಮೇಲೆ ಪದರವಾಗಿ ನಿಲ್ಲದೆ, ಕಾಂಕ್ರೀಟಿನೊಳಗಿನ ತೇವದ ಜೊತೆ ಸೇರಿ ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ ಮುಚ್ಚುತ್ತದೆ. ಹೀಗಾಗಿ ಒತ್ತಡ ಯಾವ ಕಡೆಯಿಂದ ಬಂದರೂ ಕಿತ್ತುಬರುವುದಿಲ್ಲ. ಬಣ್ಣ, ಪುಟ್ಟಿ ಎಲ್ಲ ಕೆರೆದು, ಕಾಂಕ್ರೀಟನ್ನು ನೀರಿನಿಂದ ತೊಯ್ಯಿಸಿ, ಪ್ರತಿ ಕೋಟ್‌ನಲ್ಲಿ ಒಂದು ಚದರ ಮೀಟರಿಗೆ ಸುಮಾರು 0.8 ಕೆಜಿ ಬಳಿದು, ಎರಡು ಮೂರು ದಿನ ದಿನಕ್ಕೆ ಮೂರು ಸಲ ನೀರು ಸಿಂಪಡಿಸಬೇಕು. ಈ ಸಿಂಪಡಿಸುವ ಕೆಲಸ ಬಿಟ್ಟರೆ ಹರಳು ಬೆಳೆಯುವುದಿಲ್ಲ, ದುಡ್ಡು ನಷ್ಟ. ಇದು ಕಾಂಕ್ರೀಟಿಗೆ ಮಾತ್ರ. ಹಳೆ ಬೆಂಗಳೂರಿನ ಸೈಜುಗಲ್ಲಿನ ಗೋಡೆಗೆ, ಕರಾವಳಿಯ ಮುರಕಲ್ಲಿನ ಗೋಡೆಗೆ ಇದನ್ನು ನೇರವಾಗಿ ಬಳಿಯಬೇಡಿ.

ನೀರು ಹರಿದು ಬರುತ್ತಿರುವ ಬಿರುಕಿಗೆ ಮೊದಲು ದಾರಿ ಮಾಡಿಕೊಡಬೇಕು. ಒಂದು ಕಡೆ ತೂತು ಕೊರೆದು ಸಣ್ಣ ಪೈಪ್ ಸಿಕ್ಕಿಸಿ ನೀರನ್ನು ಅಲ್ಲಿಗೆ ಸೆಳೆಯಿರಿ. ಉಳಿದ ಬಿರುಕನ್ನು ಒಂದು ಇಂಚು ಅಗಲ, ಒಂದೂವರೆ ಇಂಚು ಆಳ ಕತ್ತರಿಸಿ ಬೇಗ ಗಟ್ಟಿಯಾಗುವ ವಾಟರ್ ಪ್ಲಗ್ ಸಿಮೆಂಟ್ ತುಂಬಿ, ಕೈಯಲ್ಲಿ ಒತ್ತಿ ಹಿಡಿಯಿರಿ. ಕೊನೆಗೆ ಆ ಪೈಪ್ ತೆಗೆದು ಅದನ್ನೂ ಮುಚ್ಚಿ. ಗೋಡೆ ಮತ್ತು ರಾಫ್ಟ್ (ತಳಪಾಯದ ಕಾಂಕ್ರೀಟ್ ಹಾಸು) ಸೇರುವ ಜಾಯಿಂಟಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಪಿಯು ರಾಳವನ್ನು ಒತ್ತಡದಿಂದ ಒಳಗೆ ತುಂಬುವ ಇಂಜೆಕ್ಷನ್ ಬೇಕು, ಅದು ಪಂಪ್ ಇರುವ ಏಜೆನ್ಸಿಯ ಕೆಲಸ.

ಬೇಸ್‌ಮೆಂಟ್ ಒದ್ದೆಗೆಲ್ಲ ಸೋರಿಕೆಯೇ ಕಾರಣವಲ್ಲ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಬಿಗಿದು ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂತಿದ್ದರೆ ಗೋಡೆಯಿಂದ ಬರುತ್ತಿದೆ, ಮುಂದೆ ಕೂತಿದ್ದರೆ ಅದು ಗಾಳಿಯ ತೇವ, ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಸಾಕು. ಗೋಡೆಯ ಆಚೆ ಸಂಪ್ ಇದ್ದರೆ ರಾತ್ರಿ ಪಂಪ್ ನಿಲ್ಲಿಸಿ, ಬಳಕೆ ಇಲ್ಲದ ಹೊತ್ತಿನಲ್ಲಿ ನೀರಿನ ಮಟ್ಟ ಗುರುತಿಸಿ ಬೆಳಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಬೇಸ್‌ಮೆಂಟಿಗಿಂತ ಮೊದಲು ಸಂಪಿನ ಒಳಮೈಗೆ ಕುಡಿಯುವ ನೀರಿಗೆ ಒಪ್ಪುವ ಕೋಟಿಂಗ್ ಬೇಕು. ಇನ್ನು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು ಕಡೆಯ ಬೇಸ್‌ಮೆಂಟುಗಳು ಮುಳುಗಿದ್ದು ಮೇಲಿನಿಂದ ಹರಿದುಬಂದ ಪ್ರವಾಹದಿಂದ. ಅಂಥ ನೀರನ್ನು ಯಾವ ಡಬ್ಬವೂ ತಡೆಯದು. ರ‍್ಯಾಂಪಿನ ಬಾಯಿಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು, ಅದರ ಒಳಗೆ ಜಾಲರಿಯ ಕಾಲುವೆ, ತಳದಲ್ಲಿ ಫ್ಲೋಟ್ ಸ್ವಿಚ್ ಇರುವ ಸಬ್‌ಮರ್ಸಿಬಲ್ ಪಂಪ್, ಅದಕ್ಕೆ ಜನರೇಟರಿನ ಸಂಪರ್ಕ, ಈ ನಾಲ್ಕಕ್ಕೆ ದುಡ್ಡು ಹಾಕಿ.

ಕೆಲಸವನ್ನು ಏಜೆನ್ಸಿಗೆ ಕೊಡುವವರು ವಾರಂಟಿ ಪತ್ರವನ್ನು ಮುಂಗಡಕ್ಕೆ ಮೊದಲೇ ಓದಿ. ಸಾಮಾನ್ಯವಾಗಿ ವಾರಂಟಿ ಕೋಟಿಂಗ್ ಸಾಮಗ್ರಿ ಮತ್ತು ಅದನ್ನು ಬಳಿಯುವ ಕೂಲಿಗಷ್ಟೇ ಇರುತ್ತದೆ. ಮತ್ತೆ ಸೋರಿದರೆ ಟೈಲ್ ಒಡೆದು ಹೊಸದು ಹಾಕುವ ಖರ್ಚು, ಪ್ಲಂಬಿಂಗ್ ದೋಷ, ಕೆಳಮನೆಯ ಬಣ್ಣ ಅದರಲ್ಲಿ ಸೇರುವುದಿಲ್ಲ. ಟೈಲ್ ಖರ್ಚನ್ನು ಬರವಣಿಗೆಯಲ್ಲಿ ಸೇರಿಸಲು ಕೇಳಿ. ಬಳಸುವ ವಸ್ತುವಿನ ಪೂರ್ತಿ ಹೆಸರು, ಎಷ್ಟು ಕೆಜಿ, ಎಷ್ಟು ಕೋಟ್, ನೀರು ನಿಲ್ಲಿಸುವ ಗಂಟೆ ಇವಿಷ್ಟೂ ಕೊಟೇಶನ್ನಿನಲ್ಲಿರಲಿ. ಚದರಡಿ ದರ ಮಾತ್ರ ಬರೆದುಕೊಟ್ಟವರ ಕೊಟೇಶನ್ ವಾಪಸ್ ಕೊಡಿ. ಖಾಲಿ ಡಬ್ಬ, ಚೀಲಗಳನ್ನು ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇಡಿಸಿ, ಕೊನೆಗೆ ಎಣಿಸಿ ಕೆಜಿ ಲೆಕ್ಕ ತಾಳೆ ನೋಡಿ.